ಕರೆಯೋಲೆ ಬರೆದ ಕೈ

ಮದುವೆಯ ಕರೆಯೋಲೆಯಲ್ಲಿ ಯಾರೂ ಯಾರಿಗೂ ಪ್ರಶ್ನೆ ಕೇಳುವುದಿಲ್ಲ. ಬನ್ನಿ ಅನ್ನುತ್ತಾರೆ, ಹರಸಿ ಅನ್ನುತ್ತಾರೆ, ಉಡುಗೊರೆ ಬೇಡ ಎಂದು ಬರೆಸಿ ಉಡುಗೊರೆಗೆ ಕಾಯುತ್ತಾರೆ, ಅಷ್ಟೆ. ಹೀಗಾಗಿ ಮೂವತ್ತು ವರ್ಷ ಕರೆಯೋಲೆ ಬರೆದ ಆ ಮನೆಯಲ್ಲಿ ಮಿಕ್ಕ ಪ್ರತಿಗಳ ಪೆಟ್ಟಿಗೆಗಳನ್ನೆಲ್ಲ ಮಗಳು ಅಟ್ಟದಿಂದ ಇಳಿಸಿ ಜಾಲಾಡಿದರೂ ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ ಸಿಗಲಿಲ್ಲ. ಶೇಕಡಾ ಗುರುತೂ ಇರಲಿಲ್ಲ. ಈಮೇಲ್ ವಿಳಾಸದ ನಡುವೆ ಬರುವ ಆ ಸುತ್ತು ಗುರುತಂತೂ ಇರುವ ಮಾತೇ ಇಲ್ಲ.

ಮಗಳು ಅಕ್ಷರ ವಿನ್ಯಾಸ ಮಾಡುವ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದಳು. ಓದು, ಮೊದಲ ಕೆಲಸ ಎಂದು ಎಂಟು ವರ್ಷ ಬೇರೆ ಊರಿನಲ್ಲಿದ್ದು ಹೋದ ವರ್ಷವಷ್ಟೇ ಮನೆಗೆ ಮರಳಿದ್ದಳು. ಅಪ್ಪನ ಕೈಬರಹವನ್ನೇ ಒಂದು ಫಾಂಟ್ ಮಾಡೋಣ ಎಂಬ ಯೋಚನೆ ಅವಳದೇ. ಬಲಕ್ಕೆ ಒಂಚೂರು ವಾಲಿದ ಅಕ್ಷರ, ಒಂದರ ಬಾಲ ಇನ್ನೊಂದರ ತಲೆಗೆ ಸಲೀಸಾಗಿ ಸೇರುವ ಬರಹ, ಇಳಿಯುವಾಗ ದಪ್ಪ, ಏರುವಾಗ ಕೂದಲೆಳೆಯಷ್ಟು ತೆಳು. ಕಚೇರಿಯ ಯಜಮಾನಿ ಒಂದೇ ನೋಟಕ್ಕೆ ಒಪ್ಪಿದರು. ಕರೆಯೋಲೆಗೆ, ಕೇಕಿನ ಡಬ್ಬಕ್ಕೆ, ಸಾಬೂನಿನ ಹೊದಿಕೆಗೆ, ಅತ್ತರಿನ ಸೀಸೆಗೆ, ಶಾಲೆಯ ಪ್ರಮಾಣಪತ್ರಕ್ಕೆ ಎಲ್ಲಕ್ಕೂ ಹೇಳಿ ಮಾಡಿಸಿದ ಹಾಗಿದೆ ಎಂದರು. ತಿಂಗಳ ಕೊನೆಗೆ ಮುಗಿಯಬೇಕು, ಬರೆದವರ ಹೆಸರಿನಲ್ಲೇ ಹೊರಬರಬೇಕು ಎಂದೂ ಸೇರಿಸಿದರು.

ಅಪ್ಪನಿಗೆ ಬೀದಿಯಲ್ಲಿ ‘ಮುತ್ತಿನಕ್ಷರ’ ಎಂದೇ ಹೆಸರು. ಸುದ್ದಿ ಕೇಳಿದ ದಿನ ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಹಾಲು ತರಲು ಹೋದವನು ಒಂದೂವರೆ ಗಂಟೆ ಬಿಟ್ಟು ಬಂದ. ಸಿಕ್ಕವರಿಗೆಲ್ಲ ಹೇಳಿ ಬಂದಿದ್ದ. ಹಾಲು ಮಾತ್ರ ಮರೆತಿದ್ದ.

ಮುಚ್ಚುಮರೆ ನನ್ನ ಜಾಯಮಾನವಲ್ಲ, ಈಗಲೇ ಹೇಳಿಬಿಡುತ್ತೇನೆ. ಆ ಮೂವತ್ತು ವರ್ಷಗಳಲ್ಲಿ ಮೊದಲ ಹದಿನಾರು ವರ್ಷ ಬರೆದದ್ದು ಅಪ್ಪ. ಉಳಿದ ಹದಿನಾಲ್ಕು ವರ್ಷ ಬರೆದದ್ದು ಅಮ್ಮ. ಅಪ್ಪನ ಬಲಗೈಗೆ ನಡುಕ ಹಿಡಿದ ವರ್ಷ ನಾನೂರು ಕರೆಯೋಲೆಗಳ ಕೆಲಸ ಅರ್ಧಕ್ಕೆ ನಿಂತಿತ್ತು. ಎದುರು ಕೂತು ಹಾಳೆ ಒಣಗಿಸಿ ಜೋಡಿಸುತ್ತಿದ್ದ ಅಮ್ಮ, ಇಲ್ಲಿ ಕೊಡಿ ನೋಡೋಣ ಎಂದಳು. ಬಲಗೈಯಲ್ಲಿ ಬರೆದರೆ ಕಾಗೆ ಕಾಲು ಗುಬ್ಬಿ ಕಾಲು. ನಾಲ್ಕು ಹಾಳೆ ಕೆಡಿಸಿ, ಬಾಗಿಲು ಹಾಕಿದೆಯೇ ಎಂದು ಒಮ್ಮೆ ತಿರುಗಿ ನೋಡಿ, ಲೇಖನಿಯನ್ನು ಎಡಗೈಗೆ ಬದಲಿಸಿದಳು. ಹಾಳೆಯನ್ನು ಪೂರ್ತಿ ಅಡ್ಡ ತಿರುಗಿಸಿಕೊಂಡು ಬರೆದಾಗ ಅಪ್ಪನದೇ ಅಕ್ಷರ ಬಂತು. ಒಂದು ವರ್ಷ ಕಳೆಯುವಷ್ಟರಲ್ಲಿ ಅಪ್ಪನದಕ್ಕಿಂತ ಚೆನ್ನಾಗಿಯೇ ಬಂತು.

ಅಮ್ಮ ಹುಟ್ಟಿನಿಂದ ಎಡಚಿ. ಶಾಲೆಯಲ್ಲಿ ಟೀಚರು ಆ ಕೈಗೆ ಅಡಿಕೋಲಿನಿಂದ ಕೊಟ್ಟು ಬಿಡಿಸಿದ್ದರು, ಮದುವೆಯಾಗಿ ಬಂದ ಮನೆಯಲ್ಲಿ ಅತ್ತೆ ಕಣ್ಣಲ್ಲೇ ಬಿಡಿಸಿದ್ದಳು. ಸಹಿ, ಸಾಮಾನಿನ ಪಟ್ಟಿ, ಅಡುಗೆಮನೆಯ ಡಬ್ಬಗಳ ಮೇಲಿನ ಚೀಟಿ ಎಲ್ಲವೂ ಬಲಗೈಯವು, ಎಲ್ಲವೂ ಗುಬ್ಬಿ ಕಾಲು. ಕದ ಹಾಕಿದ ಆ ಕೋಣೆಯಲ್ಲಿ, ಗಂಡನ ಹೆಸರಿನಲ್ಲಿ ಬರೆಯುವಾಗ ಮಾತ್ರ ಅವಳ ಎಡಗೈಗೆ ಬಿಡುಗಡೆ. ಬರವಣಿಗೆಗೆ ನಿಶ್ಶಬ್ದ ಬೇಕು, ಒಳಗೆ ಬರಬಾರದು ಎಂದು ಹೇಳಿ ಬೆಳೆಸಿದ್ದರಿಂದ ಮಗಳಿಗೆ ಇದರ ಗಂಧಗಾಳಿಯೂ ಇರಲಿಲ್ಲ. ಅಪ್ಪ ಬಲಗೈಯನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದುದರಿಂದ, ಅವನ ಕೈನಡುಕ ಈಚೆಗೆ ವಯಸ್ಸಿಗೆ ಬಂದದ್ದು ಎಂದು ಅವಳು ತಿಳಿದಿದ್ದಳು. ಡಬ್ಬಗಳ ಮೇಲಿನ ಚೀಟಿ ನೋಡಿ, ಇದು ಸಕ್ಕರೆಯೋ ಸೋಡವೋ ಎಂದು ಅಮ್ಮನನ್ನು ರೇಗಿಸುತ್ತಲೂ ಇದ್ದಳು. ನಾಲ್ಕು ವರ್ಷಗಳ ಹಿಂದೆ ಕೈಬರಹದ ಕರೆಯೋಲೆ ಬರೆಸುವವರೇ ಇಲ್ಲದಂತಾಗಿ ಕೋಣೆಯ ಮೇಜಿನ ಮೇಲೆ ಈಗ ಒಗೆದ ಬಟ್ಟೆ ಕೂತಿತ್ತು.

ಮೊದಲ ವಾರ ಊಟಕ್ಕೆ ಕೂತಾಗ ಮಗಳು ಫಾಂಟಿಗೆ ಬೇಕಾಗಿದ್ದೂ ಕರೆಯೋಲೆಗಳಲ್ಲಿ ಇಲ್ಲದ ಗುರುತುಗಳ ಪಟ್ಟಿ ಓದಿದಳು. ಹದಿಮೂರು ಗುರುತು. ನಿಧಾನಕ್ಕೆ ಬರೆದುಕೊಡಪ್ಪ, ಕೈ ನಡುಗಿದರೂ ಪರವಾಗಿಲ್ಲ, ಉಳಿದದ್ದನ್ನು ಕಂಪ್ಯೂಟರಿನಲ್ಲಿ ನಾನು ತಿದ್ದುತ್ತೇನೆ ಎಂದಳು. ಅಪ್ಪ ಹುರುಳಿಕಾಯಿಯನ್ನು ತಟ್ಟೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಳ್ಳಿದ. ನಿಬ್ಬು ಹಳೆಯದಾಗಿದೆ ಎಂದ. ಮಗಳು ಮಾರನೆಯ ದಿನವೇ ಹೊಸ ನಿಬ್ಬು ತಂದಳು. ಮಸಿ ಸರಿಯಿಲ್ಲ ಎಂದ, ಮಸಿ ಬಂತು. ಬೆಳಕು ಸಾಲದು ಎಂದ, ದೀಪ ಬಂತು. ಅಪ್ಪನನ್ನು ಹೆತ್ತ ಅಜ್ಜಿ ಎಲ್ಲವನ್ನೂ ಬಲ್ಲವಳು, ಬಟಾಣಿ ಸುಲಿಯುತ್ತಾ, ಇನ್ನು ಮೇಜಿನ ಕಾಲು ಕುಂಟು ಅಂತ ಹೇಳು ಎಂದಳು.

ಬರುವ ಭಾನುವಾರ ಮಗಳು ಹೊರಗೆ ಹೋದಾಗ ನಾನೇ ಬರೆದುಕೊಡುತ್ತೇನೆ, ನೀವೇ ಬರೆದ ಹಾಗೆ ಅವಳಿಗೆ ಕೊಡಿ ಎಂದು ಅಮ್ಮ ಸದ್ದಿಲ್ಲದೆ ಹೇಳಿದಳು. ಅಪ್ಪನ ಮುಖಕ್ಕೆ ಜೀವ ಬಂತು. ಆ ದಿನ ಅವನೇ ಹೋಗಿ ಹಾಲು ತಂದ.

ಆ ವಾರದಲ್ಲೇ ಇನ್ನೊಂದು ನಡೆಯಿತು. ಅವರ ಮನೆಯಿದ್ದ ಕಟ್ಟಡದ ಕಾರ್ಯದರ್ಶಿ ಮಗಳನ್ನು ಕಾಡಿ ಬೇಡಿ ಅರ್ಧ ಮುಗಿದ ಫಾಂಟನ್ನು ತೆಗೆದುಕೊಂಡು ಮೆಟ್ಟಿಲ ಗೋಡೆಗೆ ಒಂದು ಸೂಚನೆ ಅಂಟಿಸಿದ. ನಾಳೆ ಬೆಳಿಗ್ಗೆ ಟ್ಯಾಂಕ್ ತೊಳೆಯುವುದರಿಂದ ನೀರು ಬರುವುದಿಲ್ಲ ಎಂಬುದು ಅದರ ಸಾರ. ಸುಳಿ ಸುಳಿ ಬಾಲದ ಆ ಅಕ್ಷರ ನೋಡಿ ಯಾರದೋ ಮದುವೆ ಇರಬೇಕು, ನಮ್ಮನ್ನು ಕರೆದಾಗ ನೋಡೋಣ ಎಂದು ಜನ ಮುಂದೆ ನಡೆದರು. ಮಾರನೆಯ ಬೆಳಿಗ್ಗೆ ಮೂರು ಮಹಡಿಯ ಗಂಡಸರು ತಲೆಗೆ ಸೋಪು ಹಚ್ಚಿಕೊಂಡು ಕಾರ್ಯದರ್ಶಿಯ ಬಾಗಿಲು ಬಡಿದರು. ಎಲ್ಲ ಅಕ್ಷರ ಎಲ್ಲ ಕೆಲಸಕ್ಕೂ ಆಗುವುದಿಲ್ಲ ಎಂದು ಮಗಳು ನೂರು ಸಲ ಹೇಳಿದ್ದಳಂತೆ.

ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದ ಅಮ್ಮ ಮಾತ್ರ ಅದರ ಮುಂದೆ ನಿಂತೇ ಬಿಟ್ಟಳು. ತಾನು ಯಾವತ್ತೂ ಬರೆಯದ ಮಾತು ತನ್ನ ಕೈಬರಹದಲ್ಲಿ ಗೋಡೆಯ ಮೇಲಿತ್ತು. ಕೆಳಗಿನ ಮನೆಯಾಕೆ ಬಂದು, ನಿಮ್ಮ ಯಜಮಾನರ ಕೈಗೆ ಚಿನ್ನದ ಬಳೆ ತೊಡಿಸಬೇಕು ಎಂದಳು. ಅಮ್ಮ ಹೌದು ಎಂದಳು. ಆ ಹೌದು ಒಳಗೆ ಚುಚ್ಚಿದ್ದು ಅವಳಿಗೇ ಆಶ್ಚರ್ಯ, ಇಷ್ಟು ವರ್ಷ ಹಾಗೆ ಆಗಿರಲಿಲ್ಲ.

ಶನಿವಾರ ಯಜಮಾನಿ ಮನೆಗೇ ಬಂದರು. ಫಾಂಟಿನ ಜೊತೆ ಹಾಕಲು ಒಂದು ಚಿಕ್ಕ ವೀಡಿಯೊ ಬೇಕಿತ್ತು. ಅಪ್ಪನನ್ನು ಕಿಟಕಿಯ ಬಳಿ ಕೂರಿಸಿ ಫೋನು ಹಿಡಿದರು. ಅಪ್ಪ ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡು ಮಾತಾಡಿದ್ದೇ ಮಾತಾಡಿದ್ದು. ತನ್ನ ಮೊದಲ ಕರೆಯೋಲೆ, ಕೆಟ್ಟ ಹಾಳೆಗಳು, ಮದುವೆ ಮುರಿದ ಮೇಲೂ ಕರೆಯೋಲೆ ಇಟ್ಟುಕೊಂಡ ವರ. ಕೊನೆಗೆ ಯಜಮಾನಿ, ನಿಮ್ಮ ಕೆಲಸದಲ್ಲಿ ಮನೆಯವರ ಸಹಾಯ ಇತ್ತಾ ಎಂದು ಕೇಳಿದರು. ಅಮ್ಮ ಟೀ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಇವಳು ಇದ್ದಳಲ್ಲ,” ಅಪ್ಪ ನಕ್ಕ. “ಮಸಿ ತುಂಬಿಸಿ ಕೊಡೋಳು, ಟೀ ಮಾಡಿ ಕೊಡೋಳು. ಅದೂ ಬೇಕಲ್ಲ.”

ಯಜಮಾನಿ ಹೋದ ಮೇಲೆ ಅಮ್ಮ ಲೋಟ ತೊಳೆಯಲು ನಿಂತಳು. ತೊಳೆದದ್ದನ್ನೇ ಎರಡನೆಯ ಸಲ ತೊಳೆದಳು. ಅಪ್ಪ ಹೇಗಿತ್ತು ಎಂದು ಕೇಳುತ್ತಾ ಒಳಗೆ ಬಂದ.

“ಹೆಸರು ನಿಮ್ದೇ ಇರ್ಲಿ, ಅದನ್ನ ನಾನು ಯಾವತ್ತೂ ಕೇಳ್ಲಿಲ್ಲ,” ಎಂದಳು ಅಮ್ಮ. “ಆದ್ರೆ ಮಸಿ ತುಂಬಿಸೋಳು ಅಂದ್ರಲ್ಲ, ಅದನ್ನ ನುಂಗೋಕಾಗಲ್ಲ ನಂಗೆ.”

“ಬಾಯ್ತಪ್ಪಿ ಬಂತು ಕಣೆ.”

“ಬಾಯ್ತಪ್ಪಿ ಬಂದಿದ್ದಲ್ಲ ರೀ, ಅಭ್ಯಾಸವಾಗಿ ಬಂದಿದ್ದು. ನೀವೇ ನಂಬಿಬಿಟ್ಟಿದೀರ.”

ಭಾನುವಾರ ಅವಳು ಬರೆಯಲಿಲ್ಲ. ಹೊಸ ನಿಬ್ಬು, ಮಸಿ, ದೀಪ ಎಲ್ಲವನ್ನೂ ಅಪ್ಪನ ಮಂಚದ ಪಕ್ಕ ಸಾಲಾಗಿ ಇಟ್ಟು, ನಿಮ್ಮ ಕೆಲಸ ನೀವೇ ಮಾಡಿಕೊಳ್ಳಿ ಎಂದಳು. ಅಡುಗೆ ಮಾಡಿದಳು, ಬಟ್ಟೆ ಮಡಿಸಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಆದರೆ ಅಪ್ಪನ ತಟ್ಟೆಗೆ ಪಲ್ಯ ಬಡಿಸುವಾಗ ಸಾಕಾ ಎಂದು ಕೇಳುವುದನ್ನು ಬಿಟ್ಟಳು. ಅದೊಂದು ಮಾತು ಇಲ್ಲದೆ ಅಪ್ಪನಿಗೆ ಊಟ ಸೇರುತ್ತಿರಲಿಲ್ಲ.

ಎರಡನೆಯ ವಾರ ಪೂರ್ತಿ ಅಪ್ಪ ಬೆಳಿಗ್ಗೆ ಬೇಗ ಎದ್ದು ಕೋಣೆ ಸೇರಿ ಕದ ಹಾಕಿಕೊಂಡ. ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಅದುಮಿ ಹಿಡಿದು ಪ್ರಶ್ನಾರ್ಥಕ ಚಿಹ್ನೆ ಬರೆದ. ಅದು ಒದ್ದಾಡುವ ಎರೆಹುಳುವಿನಂತೆ ಬಂತು. ಹತ್ತು ಬರೆದ, ನಲವತ್ತು ಬರೆದ. ಕಸದ ಬುಟ್ಟಿ ತುಂಬಿತು. ಗುಡಿಸಲು ಬಂದ ಅಮ್ಮ ಒಂದು ಉಂಡೆಯನ್ನು ಬಿಡಿಸಿ ನೋಡಿ ಮತ್ತೆ ಮೊದಲಿನಂತೆಯೇ ಉಂಡೆ ಮಾಡಿ ಬುಟ್ಟಿಗೆ ಹಾಕಿದಳು. ಅವಳಿಗೆ ಕನಿಕರವಾಯಿತು. ಕೋಪವೂ ಹೋಗಿರಲಿಲ್ಲ.

ಮೂರನೆಯ ವಾರ ಮಗಳು ಕೆಲಸವನ್ನು ಮನೆಗೇ ತಂದಳು. ಊಟದ ಮೇಜಿನ ಒಂದು ತುದಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಒಂದೊಂದು ಅಕ್ಷರವನ್ನೂ ತಟ್ಟೆಯಗಲ ಹಿಗ್ಗಿಸಿ ಅಂಚು ತಿದ್ದುತ್ತಿದ್ದಳು. ಗೆರೆ ಮುಗಿದು ಲೇಖನಿ ಮೇಲೇಳುವ ಕಡೆ ಮಸಿ ಒಂಚೂರು ನಿಂತು ಗುಂಡಗಾಗುತ್ತದೆ. ಹಳೆಯ ಪೆಟ್ಟಿಗೆಗಳ ಕರೆಯೋಲೆಗಳಲ್ಲಿ ಅಡ್ಡಗೆರೆಯ ಆ ಗುಂಡು ಬಲತುದಿಯಲ್ಲಿತ್ತು. ಈಚಿನವುಗಳಲ್ಲಿ ಎಡತುದಿಯಲ್ಲಿತ್ತು. ಹಳೆಯವು ಒರಟು ಎಂದು ಅವಳು ಶುರುವಿನಲ್ಲೇ ಬದಿಗಿಟ್ಟಿದ್ದಳು, ಫಾಂಟಿನ ಎಲ್ಲ ಅಕ್ಷರಗಳೂ ಈಚಿನ ಪೆಟ್ಟಿಗೆಗಳವೇ. ಎಲ್ಲರೂ ಊಟಕ್ಕೆ ಕೂತಾಗ ಅವಳು ಯಾವ ಅನುಮಾನವೂ ಇಲ್ಲದೆ ಕೇಳಿದಳು.

“ಅಪ್ಪ, ನೀನು ಯಾವಾಗಿಂದ ಅಡ್ಡಗೆರೆನ ಬಲದಿಂದ ಎಡಕ್ಕೆ ಎಳೆಯೋಕೆ ಶುರು ಮಾಡಿದೆ? ಹಾಗೆ ಎಳೆಯೋದು ಎಡಗೈಯವರು ಮಾತ್ರ.”

ಅಪ್ಪನ ಕೈಯ ಚಮಚ ತಟ್ಟೆಗೆ ತಾಕಿ ಕಿಣಿಕಿಣಿ ಎಂದಿತು. ಅಮ್ಮ ನೀರಿನ ಹೂಜಿ ಕೆಳಗಿಟ್ಟಳು. ಅಜ್ಜಿ, ನೀನು ಹೇಳ್ತೀಯೋ ನಾನು ಹೇಳ್ಲೋ ಎಂದು ಮಗನನ್ನು ಕೇಳಿದಳು. ಅಪ್ಪ ಅರ್ಧ ಊಟಕ್ಕೇ ಎದ್ದುಹೋದ.

ಮಗಳು ಅಮ್ಮನ ಮುಖ ನೋಡಿದಳು, ಆಮೇಲೆ ಕೈ ನೋಡಿದಳು. ಅಮ್ಮ ಸಾಮಾನಿನ ಪಟ್ಟಿಯ ಬೆನ್ನಿಗೆ, ಮಗಳ ಪೆನ್ಸಿಲನ್ನು ಎಡಗೈಯಲ್ಲಿ ಹಿಡಿದು, ಕಾಗದವನ್ನು ಅಡ್ಡ ಮಾಡಿ ಒಂದು ಸಾಲು ಬರೆದಳು. ‘ಇವತ್ತು ತಟ್ಟೆ ತೊಳೆಯುವ ಪಾಳಿ ನಿನ್ನದು.’ ಮೂರು ವಾರದಿಂದ ಮಗಳು ಹಿಗ್ಗಿಸಿ ಕುಗ್ಗಿಸಿ ನೋಡುತ್ತಿದ್ದ ಅದೇ ಅಕ್ಷರ, ಅದೇ ಬಾಲ, ಅದೇ ವಾಲು. ಅವಳಿಗೆ ನಗುವೂ ಬಂತು, ಅಳುವೂ ಬಂತು.

“ನಿನ್ನ ಅಕ್ಷರ ನೋಡಿ ನಾನು ಎಷ್ಟು ನಕ್ಕಿದೀನಮ್ಮ. ಯಾಕೆ ಸುಮ್ನಿದ್ದೆ?”

“ನಗ್ತಾ ಇದ್ರೆ ನಿಂಗೆ ಗೊತ್ತಾಗಿಲ್ಲ ಅಂತ ಧೈರ್ಯ ನಂಗೆ,” ಎಂದಳು ಅಮ್ಮ. ಹಾಗೆ ಹೇಳಿ ಅವಳೂ ಕಣ್ಣೊರೆಸಿಕೊಂಡಳು.

ತಟ್ಟೆ ತೊಳೆದು ಮಗಳು ಅಪ್ಪನ ಕೋಣೆಗೆ ಹೋದಳು. ಜಗಳವಾಡುವ ಶಕ್ತಿ ಅವಳಲ್ಲಿ ಇರಲಿಲ್ಲ. ಕಚೇರಿಯಲ್ಲಿ ನಾನಾಗಿ ಹೇಳುವುದಿಲ್ಲ, ಆದರೆ ಸುಳ್ಳು ಹೆಸರಿಗೆ ನನ್ನ ಕೆಲಸ ಕೊಡುವುದೂ ಇಲ್ಲ ಎಂದಳು. ಶುಕ್ರವಾರ ಸಹಿಗೆ ಕರೆದಿದ್ದಾರೆ, ಅಷ್ಟರಲ್ಲಿ ನೀನೇ ಹೇಳು, ಇಲ್ಲದಿದ್ದರೆ ಈ ಫಾಂಟನ್ನು ಇಲ್ಲಿಗೇ ನಿಲ್ಲಿಸುತ್ತೇನೆ ಎಂದೂ ಸೇರಿಸಿದಳು. ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದ ಅಪ್ಪ ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡ.

ಗುರುವಾರ ಮಧ್ಯಾಹ್ನ ಅಮ್ಮ ಅಂಗಡಿಗೆ ಹೋಗಿದ್ದಾಗ ಅವನು ಅಜ್ಜಿಯ ಪಕ್ಕ ಬಂದು ಕೂತ. ಅಜ್ಜಿ ಆಲೂಗೆಡ್ಡೆ ಸಿಪ್ಪೆ ತೆಗೆಯುತ್ತಿದ್ದಳು.

“ಈ ಬೀದೀಲಿ ನಂಗಿರೋದು ಅದೊಂದೇ ಹೆಸರು ಕಣಮ್ಮ. ಅದೂ ಹೋದ್ರೆ ನಾನ್ಯಾರು?”

“ಹದಿನಾರು ವರ್ಷ ಬರೆದೋನು. ಅದೆಲ್ಲಿಗೆ ಹೋಗುತ್ತೆ?” ಅಜ್ಜಿ ಚಾಕು ಕೆಳಗಿಟ್ಟಳು. “ತಪ್ಪು ನಿಂದೊಂದೇ ಅಲ್ಲ. ಅವಳು ಈ ಮನೆಗೆ ಬಂದ ದಿನ ಎಡಗೈಲಿ ನೀರು ಕೊಟ್ಲು ಅಂತ ಲೋಟ ವಾಪಸ್ ಕೊಟ್ಟೋಳು ನಾನು. ಆ ಕೈ ಕಟ್ಟಿದ್ದು ನಾನು, ಆ ಕೈಯನ್ನ ದುಡಿಸಿಕೊಂಡಿದ್ದು ನೀನು. ನಾನು ಇವತ್ತು ಹೇಳ್ತೀನಿ ಅವಳಿಗೆ. ನಿಂದು ನೀನು ನೋಡ್ಕೋ.”

ಅಜ್ಜಿ ಹೇಳಿದ ಹಾಗೆಯೇ ಮಾಡಿದಳು. ಅಮ್ಮ ಚೀಲ ಇಳಿಸುವವರೆಗೂ ಕಾಯದೆ, ನಾನು ಮಾಡಿದ್ದು ತಪ್ಪು ಕಣೆ ಎಂದಳು. ಅಮ್ಮ, ಬಿಡಿ ಅತ್ತೆ, ಆಲೂಗೆಡ್ಡೆ ನೀರಿಗೆ ಹಾಕಿ, ಕಪ್ಪಾಗುತ್ತೆ ಎಂದಳು. ಆದರೆ ಅವತ್ತು ಆಲೂಗೆಡ್ಡೆ ಹೆಚ್ಚುವಾಗ ಚಾಕು ಎಡಗೈಯಲ್ಲಿತ್ತು. ಬಾಗಿಲಲ್ಲಿ ನಿಂತಿದ್ದ ಅಪ್ಪ ಅದನ್ನು ನೋಡಿದ.

ಶುಕ್ರವಾರ ಮೂವರೂ ಕಚೇರಿಗೆ ಹೋದರು. ಕರಾರಿಗೆ ಸಾಕ್ಷಿಯಾಗಿ ಒಬ್ಬರು ಬೇಕು ಎಂದು ಅಮ್ಮನನ್ನೂ ಕರೆದಿದ್ದರು. ದಾರಿಯಲ್ಲಿ ಬಸ್ಸಿನಲ್ಲಿ ಅಪ್ಪ ಮೂರು ಟಿಕೆಟುಗಳನ್ನು ಮತ್ತೆ ಮತ್ತೆ ಎಣಿಸಿದ. ಮಗಳು ಕಿಟಕಿಯಾಚೆ ನೋಡುತ್ತಾ ಕೂತಿದ್ದಳು, ಈ ಬಸ್ಸು ಕೆಟ್ಟು ನಿಲ್ಲಬಾರದೇ ಎಂದು ಅವಳಿಗೆ ಅನ್ನಿಸುತ್ತಿತ್ತು.

ಯಜಮಾನಿ ಎಲ್ಲವನ್ನೂ ಸಿದ್ಧಮಾಡಿಟ್ಟಿದ್ದರು. ಅಗಲವಾದ ಮೇಜು, ಒಳ್ಳೆಯ ಹಾಳೆ, ಲೇಖನಿ, ಬಲಗಡೆಗೆ ಮಸಿಕುಡಿಕೆ. ಆ ಹದಿಮೂರು ಗುರುತುಗಳನ್ನು ಇಲ್ಲೇ ಬರೆಯಿರಿ, ವೀಡಿಯೊದ ಕೊನೆಗೆ ಅದನ್ನೇ ಹಾಕೋಣ, ಆಮೇಲೆ ಸಹಿ ಎಂದರು. ಅಪ್ಪ ಕುರ್ಚಿಯಲ್ಲಿ ಕೂತು ಬಲಗೈಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ಎಲ್ಲರೂ ನೋಡುತ್ತಿದ್ದ ಹಾಗೆ ಅದು ನಡುಗಿತು. ಅದನ್ನು ಅವನು ಮುಚ್ಚಿಕೊಳ್ಳಲಿಲ್ಲ. ಎದ್ದು, ಕುರ್ಚಿಯನ್ನು ಅಮ್ಮನ ಕಡೆಗೆ ಎಳೆದ. ಹಾಳೆಯನ್ನು ಅಡ್ಡ ತಿರುಗಿಸಿ, ಒಂದು ಬೆರಳಿನಷ್ಟು ಓರೆ ಮಾಡಿದ. ಮಸಿಕುಡಿಕೆಯನ್ನು ಬಲದಿಂದ ಎತ್ತಿ ಎಡಕ್ಕಿಟ್ಟ.

“ಇದು ಇವಳ ಕೈ,” ಎಂದ. “ಶುರುವಿನ ಹದಿನಾರು ವರ್ಷ ಬಿಟ್ರೆ ಆಮೇಲಿಂದು ಎಲ್ಲ ಇವಳೇ ಬರ್ದಿದ್ದು. ನಿಮ್ಮ ಫಾಂಟಲ್ಲಿ ನಂದು ಒಂದಕ್ಷರಾನೂ ಇಲ್ಲ. ಮೊನ್ನೆ ನಿಮ್ಮ ಮುಂದೆ ನಾನು ಹೇಳಿದ್ದು ಸುಳ್ಳು. ಮಸಿ ತುಂಬಿಸ್ತಾ ಇದ್ದೋನು ನಾನು.”

ಅಮ್ಮ ನಿಂತಲ್ಲೇ ನಿಂತಿದ್ದಳು. ಇಷ್ಟು ದಿನ ಬೇಕೆಂದದ್ದು ಬಂದಾಗ ಅವಳಿಗೆ ನಾಚಿಕೆಯಾಯಿತು. ಯಜಮಾನಿ ಫೋನು ಕೆಳಗಿಟ್ಟು ಮಗಳ ಮುಖ ನೋಡಿದರು, ಮಗಳು ತಲೆಯಾಡಿಸಿದಳು. ಹಾಗಾದರೆ ಕರಾರು ಹೊಸದಾಗಿ ಟೈಪ್ ಮಾಡಿಸಬೇಕು, ಸಾಕ್ಷಿಯ ಜಾಗದಲ್ಲಿ ನೀವು ಕೂರಬೇಕಾಗುತ್ತದೆ ಎಂದು ಅವರು ಅಪ್ಪನಿಗೆ ಹೇಳಿದರು. ಅಷ್ಟೇನಾ, ಆಗಲಿ ಎಂದ ಅಪ್ಪ. ಅವನ ಹಣೆಯ ಮೇಲೆ ಬೆವರಿತ್ತು, ಧ್ವನಿ ಮಾತ್ರ ಹಗುರಾಗಿತ್ತು.

ಅಮ್ಮ ಕೂತಳು. ಅವಳೂ ಲೇಖನಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರೆದವಳಲ್ಲ. ಮೂರು ಕೆಟ್ಟವು. ಗುರುತಿನ ಸೊಂಟ ಇನ್ನೂ ಸ್ವಲ್ಪ ಬಳುಕಲಿ ಎಂದ ಅಪ್ಪ, ಪಕ್ಕದಲ್ಲಿ ನಿಂತು. ನೀವು ಸುಮ್ಮನಿರಿ ಎಂದಳು ಅಮ್ಮ. ನಾಲ್ಕನೆಯದು ಬಂದಾಗ ಇಬ್ಬರೂ ಒಟ್ಟಿಗೇ, ಇದು ಸರಿ ಎಂದರು.

ಕರಾರಿನ ಸಹಿಗೆ ಅಭ್ಯಾಸಬಲದಿಂದ ಅವಳ ಬಲಗೈ ಮುಂದಾಯಿತು. ಹಾಳೆಯ ಮೇಲೆ ತಾಕುವ ಮೊದಲೇ ನಿಲ್ಲಿಸಿ ಲೇಖನಿಯನ್ನು ಬದಲಿಸಿದಳು. ಒಂದು ತೊಂದರೆಯಿದೆ ಎಂದರು ಯಜಮಾನಿ, ಫಾಂಟು ಮಾರಿದಾಗಲೆಲ್ಲ ಬರುವ ಹಣ ನಿಮ್ಮ ಖಾತೆಗೆ ಹೋಗುತ್ತದೆ, ಬ್ಯಾಂಕಿನಲ್ಲಿರುವ ಸಹಿಗೂ ಇದಕ್ಕೂ ತಾಳೆಯಾಗಬೇಕು. ಬ್ಯಾಂಕಿನಲ್ಲಿದ್ದದ್ದು ಗುಬ್ಬಿ ಕಾಲು. ಅದನ್ನೇ ಹಾಕಿಬಿಡು, ಕೆಲಸ ಮುಗಿಯಲಿ ಎಂದಳು ಮಗಳು.

“ಬೇಡ,” ಎಂದಳು ಅಮ್ಮ. “ಸೋಮವಾರ ಬ್ಯಾಂಕಿಗೆ ಹೋಗಿ ಅಲ್ಲೇ ಬದಲಾಯಿಸ್ತೀನಿ.”

ಶನಿವಾರ, ಭಾನುವಾರ ಅಪ್ಪ ಬೀದಿಯ ಒಂದೊಂದೇ ಅಂಗಡಿಗೆ ಹೋಗಿ ಅದೇ ಮಾತನ್ನು ಹೇಳಿ ಬಂದ. ಇಸ್ತ್ರಿಯವನು ಬಿದ್ದು ಬಿದ್ದು ನಕ್ಕ. ಔಷಧದಂಗಡಿಯವನು, ನನ್ನ ಮಗಳ ಕರೆಯೋಲೆ ಹಾಗಾದರೆ ಯಾರದು ಎಂದು ಮುಖ ಸಿಂಡರಿಸಿದ. ಅಪ್ಪನಿಗೆ ನೋವಾಯಿತು. ಆದರೂ ಎರಡು ದಿನವೂ ಹಾಲು ಮರೆಯದೆ ತಂದ, ಊಟದಲ್ಲಿ ಅಮ್ಮ ಪಲ್ಯದ ಸೌಟು ಹಿಡಿದು ಸಾಕಾ ಎಂದಾಗ ಇನ್ನೊಂದು ಚೂರು ಎಂದ.

ಸೋಮವಾರ ಗಂಡ ಹೆಂಡತಿ ಬ್ಯಾಂಕಿನ ಸಾಲಿನಲ್ಲಿ ನಿಂತರು. ಕಿಟಕಿಯಾಚೆಯ ಗುಮಾಸ್ತೆ ಒಂದು ನಮೂನೆ ಕೊಟ್ಟು, ಹಳೆಯ ಸಹಿ ಇಲ್ಲಿ, ಹೊಸ ಸಹಿ ಇಲ್ಲಿ, ಕೆಳಗೆ ಕಾರಣ ಬರೆಯಿರಿ ಎಂದಳು. ಕಾರಣಕ್ಕೆ ಬಿಟ್ಟ ಜಾಗ ಎರಡು ಬೆರಳಿನಷ್ಟು. ವಯಸ್ಸಾಯಿತು ಅಂತ ಬರಿ, ಯಾರೂ ಏನೂ ಕೇಳಲ್ಲ ಎಂದು ಅಪ್ಪ ಪಿಸುಗುಟ್ಟಿದ. ಅಮ್ಮ ಹಳೆಯ ಸಹಿಯನ್ನು ಬಲಗೈಯಲ್ಲಿ ಕೊನೆಯ ಸಲ ಹಾಕಿದಳು. ಆಮೇಲೆ ಕಾಗದವನ್ನು ಅಡ್ಡ ತಿರುಗಿಸಿದಳು. ಹಿಂದಿನವರು ಗೊಣಗಿದರು, ಗುಮಾಸ್ತೆ ಕೂಡ, ಏನಮ್ಮಾ ಬೇಗ ಎಂದಳು. ಅಮ್ಮ ಅವಸರ ಮಾಡಲಿಲ್ಲ. ಹೊಸ ಸಹಿ ಹಾಕಿ, ಕಾರಣದ ಜಾಗದಲ್ಲಿ, ಇಳಿಯುವಾಗ ದಪ್ಪ, ಏರುವಾಗ ತೆಳುವಾಗಿ ಬರೆದಳು: ನಾನು ಎಡಗೈಯವಳು.

ಗುಮಾಸ್ತೆ ಅದನ್ನು ಓದಿ, ಇಷ್ಟು ಸಾಕು ಎಂದು ಮೊಹರು ಒತ್ತಿದಳು.